ಹಳೆಯ ಕೋವಿಯ ಮೈಬಣ್ಣ



ಈ ಹೊತ್ತಿನ ಭಾಷಣದ ವಿಷಯ ಒಂದು ಹಳೆಯ ಕೋವಿ. ಕೋವಿಯೆಂದೊಡನೆ ಯುದ್ಧದ ಕಥೆಯನ್ನೋ ಬೇಟೆಯ ಕಥೆಯನ್ನೋ ತಾವು ನಿರೀಕ್ಷಿಸುವುದು ಸಹಜ. ನಾನು ಹೇಳಬೇಕೆಂದಿರುವುದು ಅವೆರಡೂ ಅಲ್ಲ. ಬಾಯಿಯಿಂದ ಮದ್ದು ತುಂಬುತ್ತಿದ್ದ ಕಾಲದ ಒಂದು ರೈಫಲಿನ ಮರಕ್ಕೂ ಲೋಹಕ್ಕೂ ಅದನ್ನು ಮಾಡಿದವರು ಯಾವ ಬಣ್ಣವನ್ನು ಕೊಟ್ಟಿದ್ದರು, ಆಮೇಲೆ ಕಾಲವು ಅದಕ್ಕೆ ಯಾವ ಬಣ್ಣವನ್ನು ಕೊಟ್ಟಿತು, ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದವನು ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಇಷ್ಟೇ ನನ್ನ ವಿಷಯ. ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಒಂದು ತಪ್ಪಿನಿಂದ ಕಲಿತದ್ದು ಹೆಚ್ಚು. ಆದಕಾರಣ ಮೊದಲು ಆ ತಪ್ಪನ್ನು ಹೇಳಿಬಿಡುತ್ತೇನೆ.

ನನ್ನ ತಾಯಿಯ ತವರುಮನೆ ಮಲೆನಾಡಿನಲ್ಲಿತ್ತು. ಅಲ್ಲಿ ನಡುಮನೆಯ ಗೋಡೆಯ ಮೇಲೆ ಎರಡು ಮರದ ಗೂಟಗಳಿಗೆ ಅಡ್ಡಲಾಗಿ ಒಂದು ಕೇಪಿನ ಕೋವಿ ಒರಗಿರುತ್ತಿತ್ತು. ಪರವಾನಗಿಯಿದ್ದ ಕೋವಿ, ಆದರೆ ಅದು ಈಡಾಗಿ ಬಹಳ ಕಾಲವಾಗಿತ್ತು. ಉದ್ದವಾದ ನಳಿಗೆ ಹಣ್ಣಾದ ಅಡಕೆಯ ಸಿಪ್ಪೆಯಂತೆ ಕಂದಿತ್ತು. ಮರವು ಹೊಗೆಗೂ ಕೈಜಿಡ್ಡಿಗೂ ಸಿಕ್ಕಿ ಕಪ್ಪಾಗಿತ್ತು. ಅದು ಮನೆಗೆ ಬಂದ ಬಗೆಯನ್ನು ಕುರಿತು ಎರಡು ಮಾತುಗಳಿದ್ದುವು. ಮನೆಯ ಹಿರಿಯರೊಬ್ಬರು ಕಂಪನಿಯ ಸೈನ್ಯದಲ್ಲಿದ್ದು ಹಿಂದಿರುಗುವಾಗ ತಂದರೆಂದು ಕೆಲವರು. ಹಾಗೇನೂ ಅಲ್ಲ, ಹರಾಜಿನಲ್ಲಿ ಹಂದಿ ಹೊಡೆಯಲು ಕೊಂಡದ್ದೆಂದು ಕೆಲವರು.

ನನಗೆ ಆಗ ಇಪ್ಪತ್ತರ ವಯಸ್ಸು. ಬೇಸಗೆಯ ರಜೆಯಲ್ಲಿ ಹೋದವನು ಕೋವಿಯನ್ನು ಹೊಸದು ಮಾಡಿಕೊಡುವೆನೆಂದು ಕುಳಿತೆ. ಮರವನ್ನು ಉಪ್ಪುಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿ ವಾರ್ನಿಷು ಹಚ್ಚಿದೆ. ನಳಿಗೆಯನ್ನೂ, ಕುದುರೆ ಕೂತಿರುವ ಲಾಕಿನ ತಗಡನ್ನೂ, ಹೆಗಲಿಗೆ ಆನಿಸುವ ತುದಿಯ ಹಿತ್ತಾಳೆಯನ್ನೂ ಎಮರಿ ಕಾಗದದಿಂದ ಮೂರು ದಿನ ತಿಕ್ಕಿದೆ. ಕೋವಿ ಕನ್ನಡಿಯಂತಾಯಿತು. ಅದನ್ನು ಸೋದರಮಾವನ ಕೈಗೆ ಕೊಟ್ಟಾಗ ಅವರು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿ ಹೊಳೆಯುತ್ತದಪ್ಪ. ಆದರೆ ನಮ್ಮ ಕೋವಿಯ ಹಾಗೆ ಕಾಣುವುದಿಲ್ಲವಲ್ಲ" ಎಂದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಹಲವು ವರ್ಷಗಳ ಮೇಲೆ. ಅಷ್ಟರಲ್ಲಿ ನಾನು ಅಳಿಸಿದ್ದನ್ನು ಮತ್ತೆ ಬರೆಯಬಲ್ಲವರು ಯಾರೂ ಇರಲಿಲ್ಲ.

ಏನನ್ನು ಅಳಿಸಿದೆನೆಂಬುದು ತಿಳಿಯಬೇಕಾದರೆ ಆ ಕೋವಿ ಯಾವುದೆಂಬುದನ್ನು ಸ್ವಲ್ಪ ವಿವರಿಸಬೇಕು. ಅದು ಇಂಗ್ಲೆಂಡಿನಲ್ಲಿ 1853ರಲ್ಲಿ ಅಂಗೀಕೃತವಾದ, ಎನ್‌ಫೀಲ್ಡ್ ಎಂದು ಹೆಸರಾದ ಮಾದರಿ. ಕೋವಿಯ ಒಟ್ಟು ಉದ್ದ ಸುಮಾರು 55 ಅಂಗುಲ. ತೂಕ ಸುಮಾರು ಒಂಬತ್ತೂವರೆ ಪೌಂಡು. ನಳಿಗೆಯ ಉದ್ದ 39 ಅಂಗುಲ. ಅದರ ರಂಧ್ರದ ಅಗಲ 0.577 ಅಂಗುಲ. ಮೂರು ಕಬ್ಬಿಣದ ಪಟ್ಟಿಗಳು ನಳಿಗೆಯನ್ನು ಮರಕ್ಕೆ ಬಿಗಿಯುತ್ತವೆ. ರಂಧ್ರದೊಳಗೆ ಮೂರು ಗೀರುಗಳು ಸುರುಳಿಯಾಗಿ ಹರಿದು 78 ಅಂಗುಲಕ್ಕೆ ಒಂದು ಸುತ್ತು ತಿರುಗುವ ಲೆಕ್ಕದಲ್ಲಿ ಕೊರೆಯಲ್ಪಟ್ಟಿರುತ್ತವೆ. ಈ ಗೀರುಗಳೇ ರೈಫಲಿನ ಜೀವ. ಗುಂಡು ಇವುಗಳ ಹಿಡಿತಕ್ಕೆ ಸಿಕ್ಕಿ ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದಲೇ ದಾರಿ ತಪ್ಪದೆ ದೂರ ಹೋಗುತ್ತದೆ. ಗೀರಿಲ್ಲದ ನುಣುಪು ನಳಿಗೆಯ ಕೋವಿಯಿಂದ ನೂರು ಗಜದಾಚೆಗೆ ಒಬ್ಬ ಮನುಷ್ಯನಿಗೆ ಗುರಿಯಿಡುವುದೇ ಸಂದೇಹದ ಕೆಲಸವಾಗಿದ್ದರೆ, ಇದರ ಗುಂಡು ಹಲವು ನೂರು ಗಜಗಳವರೆಗೆ ನಂಬಿಕೆಗೆ ಯೋಗ್ಯವಾಗಿತ್ತು.

ಈ ಕೋವಿ ಎರಡು ಯುಗಗಳ ಸಂಧಿಯಲ್ಲಿ ಹುಟ್ಟಿದ್ದು. ಅದುವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿಯೂ ಲಂಡನ್ನಿನಲ್ಲಿಯೂ ಕೋವಿಯೆಂಬುದು ಹಲವು ಕಸಬುದಾರರ ಕೈಯಿಂದ ಕೈಗೆ ಸಾಗಿ ತಯಾರಾಗುತ್ತಿತ್ತು. ನಳಿಗೆ ಮಾಡುವವನೊಬ್ಬ, ಲಾಕಿನ ಭಾಗಗಳನ್ನು ಅರದಿಂದ ಅರೆಯುವವನೊಬ್ಬ, ಮರವನ್ನು ಕೊರೆದು ಕೂಡಿಸುವವನು ಇನ್ನೊಬ್ಬ. ಒಂದು ಕೋವಿಯ ತಿರುಪು ಇನ್ನೊಂದು ಕೋವಿಗೆ ಕೂರುತ್ತಿರಲಿಲ್ಲ. 1816ರಲ್ಲಿ ಸ್ಥಾಪಿತವಾಗಿದ್ದ ಎನ್‌ಫೀಲ್ಡಿನ ಸರ್ಕಾರೀ ಕಾರ್ಖಾನೆಗೆ 1850ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಿಂದ ಯಂತ್ರಗಳನ್ನು ತರಿಸಿದರು. ಅಮೆರಿಕದ ಥಾಮಸ್ ಬ್ಲ್ಯಾಂಚರ್ಡ್ ಎಂಬಾತನು 1819ರಲ್ಲಿಯೇ ಒಂದು ಚರಕಿಯಂತ್ರವನ್ನು ಕಲ್ಪಿಸಿದ್ದನು. ಕಬ್ಬಿಣದ ಅಚ್ಚಿನ ಮೈಯನ್ನು ಸವರುತ್ತ ಸಾಗುವ ಒಂದು ಚಕ್ರ, ಅದರ ಚಲನೆಯನ್ನೇ ಅನುಸರಿಸಿ ಮರವನ್ನು ಕೆತ್ತುವ ಇನ್ನೊಂದು ಚಕ್ರ. ಹೀಗೆ ಕೋವಿಯ ಮರದಂಥ ವಕ್ರವಾದ ಆಕಾರವೂ ಯಂತ್ರಕ್ಕೆ ಸಿಕ್ಕಿತು. ಈ ಬಗೆಯ ಯಂತ್ರಗಳು ಬಂದಮೇಲೆ ಎನ್‌ಫೀಲ್ಡಿನಲ್ಲಿ ಒಂದರ ಭಾಗ ಮತ್ತೊಂದಕ್ಕೆ ಕೂಡುವ ಕೋವಿಗಳು ತಯಾರಾದುವು. ಬರ್ಮಿಂಗ್‌ಹ್ಯಾಮಿನ ಕಂತ್ರಾಟುದಾರರು ಮಾತ್ರ ಅದೇ ಮಾದರಿಯನ್ನು ಹಳೆಯ ಪದ್ಧತಿಯಲ್ಲಿಯೇ ಕೈಯಿಂದ ಮಾಡುತ್ತಿದ್ದರು. ಹೊರನೋಟಕ್ಕೆ ಎರಡೂ ಒಂದೇ. ಮರದೊಳಗೆ ಲಾಕು ಕೂರುವ ಗುಳಿಯನ್ನು ನೋಡಿದರೆ ಉಳಿಯ ಗುರುತೋ ಯಂತ್ರದ ಗುರುತೋ ತಿಳಿದುಬಿಡುತ್ತದೆ. ಆದುದರಿಂದ ಆ ಗುಳಿಯನ್ನು ಕೆರೆದು ಚೊಕ್ಕಟ ಮಾಡುವವನು ಕೈಕೆಲಸಕ್ಕೂ ಯಂತ್ರಕ್ಕೂ ನಡುವಣ ಒಂದು ಸಾಕ್ಷ್ಯವನ್ನೇ ಕೆರೆದುಹಾಕುತ್ತಾನೆ.

ಇನ್ನು ಬಣ್ಣದ ವಿಚಾರ. ಮರ ಅಕ್ರೋಟು. ಅದಕ್ಕೆ ಹಚ್ಚುತ್ತಿದ್ದುದು ವಾರ್ನಿಷಲ್ಲ, ಅಗಸೆ ಎಣ್ಣೆ. ಅಗಸೆ ಎಣ್ಣೆಗೆ ಒಂದು ವಿಶೇಷ ಗುಣವುಂಟು. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಕ್ರಮೇಣ ಗಟ್ಟಿಯಾಗುತ್ತದೆ. ಮರದ ರಂಧ್ರಗಳೊಳಗೇ ಒಣಗಿ ಮರದೊಡನೆ ಒಂದಾಗುತ್ತದೆ. ತೆಳ್ಳಗೆ ಹಚ್ಚಿ, ಅಂಗೈಯಿಂದ ಬಿಸಿಯಾಗುವಂತೆ ತಿಕ್ಕಿ, ಒಣಗಲು ಬಿಟ್ಟು ಮತ್ತೆ ಹಚ್ಚಬೇಕು. ವಾರ್ನಿಷು ಮರದ ಮೇಲೆ ಕೂರುತ್ತದೆ, ಎಣ್ಣೆ ಮರದೊಳಗೆ ಇಳಿಯುತ್ತದೆ. ನಾನು ಆ ಮರದ ಮೇಲೆ ವಾರ್ನಿಷನ್ನು ಮೆತ್ತಿದಾಗ ಮಾಡಿದ ಮೊದಲನೆಯ ಅವಿವೇಕ ಇದೇ.

ಲೋಹದ ಬಣ್ಣ ಇದಕ್ಕಿಂತಲೂ ವಿಚಿತ್ರವಾದುದು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಿಪಾಯಿ ತನ್ನ ಕೋವಿಯ ನಳಿಗೆಯನ್ನು ಇಟ್ಟಿಗೆಯ ಪುಡಿಯಿಂದ ತಿಕ್ಕಿ ಬೆಳ್ಳಿಯಂತೆ ಹೊಳೆಯಿಸಬೇಕಾಗಿತ್ತು. ಕವಾಯತಿಗೆ ಅದು ಚಂದ. ಆದರೆ ತಿಕ್ಕಿ ತಿಕ್ಕಿ ನಳಿಗೆ ಸವೆಯುತ್ತಿತ್ತು, ಬಿಸಿಲಿನಲ್ಲಿ ಮಿಂಚಿ ಶತ್ರುವಿಗೆ ಸುಳಿವು ಕೊಡುತ್ತಿತ್ತು, ಒಂದು ಮಳೆಗೆ ತುಕ್ಕು ಹಿಡಿಯುತ್ತಿತ್ತು. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಳಿಗೆಗೆ ಕಂದು ಬಣ್ಣ ಕೊಡುವ ಪದ್ಧತಿ ಬಲವಾಯಿತು. ಈ ಕಂದು ಬಣ್ಣವೆಂಬುದು ಬೇರೇನೂ ಅಲ್ಲ, ತುಕ್ಕೇ. ನಳಿಗೆಯ ಜಿಡ್ಡನ್ನು ಸುಣ್ಣದಿಂದ ಪೂರ್ತಿಯಾಗಿ ತೆಗೆದು, ನೈಟ್ರಿಕ್ ಆಮ್ಲ, ಮೈಲುತುತ್ತ ಮೊದಲಾದುವುಗಳಿಂದ ಕೂಡಿದ ಒಂದು ದ್ರಾವಣವನ್ನು ತೆಳುವಾಗಿ ಸವರಿ, ತೇವವಿರುವ ಕೋಣೆಯಲ್ಲಿ ಇಡುತ್ತಿದ್ದರು. ಮೈಯೆಲ್ಲ ನಸುಗೆಂಪಾದ ತುಕ್ಕು ಏಳುತ್ತಿತ್ತು. ಸಡಿಲವಾದುದನ್ನು ತಂತಿಯ ಕುಂಚದಿಂದ ಉಜ್ಜಿ ಉದುರಿಸಿದರೆ ಅಡಿಯಲ್ಲಿ ಗಟ್ಟಿಯಾದ ಒಂದು ತೆಳುಪದರ ಉಳಿಯುತ್ತಿತ್ತು. ಮರುದಿನ ಮತ್ತೆ ಸವರುವುದು, ಮತ್ತೆ ಉಜ್ಜುವುದು. ಹೀಗೆ ಹಲವು ದಿನ ನಡೆದಮೇಲೆ ಕ್ಷಾರದ ನೀರಿನಿಂದ ತೊಳೆದು ಆಮ್ಲದ ಕೆಲಸವನ್ನು ನಿಲ್ಲಿಸಿ ಎಣ್ಣೆಯನ್ನೋ ಮೇಣವನ್ನೋ ಹಚ್ಚುತ್ತಿದ್ದರು. ಪ್ರತಿಸಲವೂ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಮಾರ್ಪಟ್ಟು ನೀಲಿಗಪ್ಪು ಬಣ್ಣ ಬರುತ್ತಿತ್ತು. ಕಬ್ಬಿಣವನ್ನು ತಿನ್ನುವ ತುಕ್ಕನ್ನೇ ಹದಕ್ಕೆ ತಂದು ಕಬ್ಬಿಣದ ಕಾವಲಿಗೆ ನಿಲ್ಲಿಸಿದ ವಿದ್ಯೆ ಇದು.

ಲಾಕಿನ ತಗಡಿಗೂ ಕುದುರೆಗೂ ಇನ್ನೊಂದು ಕ್ರಮ. ಅವುಗಳನ್ನು ಮೂಳೆ ಮತ್ತು ಚರ್ಮದ ಇದ್ದಲಿನೊಡನೆ ಪೆಟ್ಟಿಗೆಯಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾಯಿಸಿ ನೀರಿಗೆ ಹಾಕುತ್ತಿದ್ದರು. ಇದ್ದಲಿನ ಇಂಗಾಲವು ಕಬ್ಬಿಣದ ಹೊರಮೈಗೆ ಇಳಿದು ಅದು ಉಕ್ಕಿನಂತೆ ಗಡುಸಾಗುತ್ತಿತ್ತು. ಮೈಮೇಲೆ ನೀಲಿ, ಬೂದಿ, ಕಂದು ಬಣ್ಣಗಳು ಮೋಡದಂತೆ ಹರಡುತ್ತಿದ್ದುವು. ಈ ಬಣ್ಣ ಬಹಳ ಸೂಕ್ಷ್ಮವಾದುದು. ಬಿಸಿಲಿಗೂ ಕೈಯ ಸವೆತಕ್ಕೂ ಅಳಿದು ಬೂದಿಯಾಗಿಬಿಡುತ್ತದೆ. ಒಮ್ಮೆ ಅಳಿದಮೇಲೆ ಅದನ್ನು ಮತ್ತೆ ತರಲು ತಗಡನ್ನು ಮತ್ತೆ ಬೆಂಕಿಗೆ ಹಾಕಬೇಕು. ಹಾಗೆ ಹಾಕಿದರೆ ತಗಡು ಸೊಟ್ಟಗಾಗುವ ಭಯವುಂಟು. ಆದುದರಿಂದ ಅಳಿದದ್ದನ್ನು ಅಳಿದಂತೆಯೇ ಬಿಡುವುದು ವಿವೇಕ.

ಈ ಬಣ್ಣದ ಅಡಿಯಲ್ಲಿ ಅಕ್ಷರಗಳಿರುತ್ತವೆ. ಲಾಕಿನ ಮೇಲೆ ಕಿರೀಟ, ವಿಕ್ಟೋರಿಯಾ ರಾಣಿಯ ಹೆಸರಿನ ಎರಡಕ್ಷರ, ತಯಾರಾದ ವರ್ಷ, ಟವರ್ ಎಂದೋ ಎನ್‌ಫೀಲ್ಡ್ ಎಂದೋ ಒಂದು ಮಾತು. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಮೇಲೆ ಹಿಂಗಾಲಿನ ಮೇಲೆ ನಿಂತು ಕಿರೀಟವನ್ನು ಹಿಡಿದಿರುವ ಸಿಂಹ. ನಳಿಗೆಯ ಬುಡದಲ್ಲಿ ಪರೀಕ್ಷೆಯ ಮುದ್ರೆಗಳು. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಶಾಸನದಂತೆ ಸ್ಥಾಪಿತವಾದ ಪರೀಕ್ಷಾಗೃಹದಲ್ಲಿ ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಸುಟ್ಟು, ಒಡೆಯದೆ ಉಳಿದ ನಳಿಗೆಗೆ ಮಾತ್ರ ಇಂಥ ಮುದ್ರೆ ಬೀಳುತ್ತಿತ್ತು. ಹಿಂತುದಿಯ ಹಿತ್ತಾಳೆಯ ಮೇಲೆ ಹಲವು ವೇಳೆ ಪಲ್ಟನ್ನಿನ ಗುರುತೂ ಕೋವಿಯ ಸಂಖ್ಯೆಯೂ ಕೆತ್ತಲ್ಪಟ್ಟಿರುತ್ತವೆ. ಇವೆಲ್ಲ ಕೂದಲೆಳೆಯಷ್ಟು ಆಳದ ಬರೆವಣಿಗೆ. ಎಮರಿ ಕಾಗದಕ್ಕೆ ಒಂದು ಬೆಳಗಿನ ಕೆಲಸ.

ಆ ಬರೆವಣಿಗೆ ನಮ್ಮ ದೇಶದ ಮಟ್ಟಿಗೆ ಏಕೆ ಮುಖ್ಯವೆಂಬುದಕ್ಕೆ 1857ನೆಯ ವರ್ಷವನ್ನು ನೆನೆಯಬೇಕು. ಈ ರೈಫಲಿನ ಮದ್ದು ಮತ್ತು ಗುಂಡುಗಳು ಒಂದು ಕಾಗದದ ತೋಟೆಯಲ್ಲಿ ಸುತ್ತಲ್ಪಟ್ಟಿದ್ದುವು. ಗುಂಡು ಜಾರಿ ಇಳಿಯಲೆಂದು ಅದಕ್ಕೆ ಕೊಬ್ಬು ಸವರುತ್ತಿದ್ದರು. ಅಂದಿನ ಕವಾಯತಿನ ಕ್ರಮದಲ್ಲಿ ತೋಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಹಸುವಿನ ಕೊಬ್ಬು, ಹಂದಿಯ ಕೊಬ್ಬು ಎಂಬ ಸಂದೇಹವು 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಎದ್ದಿತು. ಮೇ 10ರಂದು ಮೀರತಿನಲ್ಲಿ ದಂಗೆಯಾಯಿತು. ಮುಂದಿನ ಕಥೆ ತಮಗೆಲ್ಲ ತಿಳಿದದ್ದೇ. ಆ ದಂಗೆಗೆ ಆಳವಾದ ಬೇರೆ ಕಾರಣಗಳೂ ಇದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಿಡಿ ತಗುಲಿದ್ದು ಈ ಕೋವಿಯ ತೋಟೆಯಿಂದ.

ದಂಗೆ ಅಡಗಿದಮೇಲೆ ನಡೆದುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಭಾರತೀಯ ಪಲ್ಟನ್ನುಗಳ ಕೈಗೆ ರೈಫಲನ್ನು ಕೊಡುವುದು ಸರ್ಕಾರಕ್ಕೆ ಇಷ್ಟವಾಗಲಿಲ್ಲ. ಕೋವಿಯಿಲ್ಲದೆ ಸೈನ್ಯವೂ ಇರಲಾರದು. ಇದಕ್ಕೆ ಅವರು ಕಂಡುಕೊಂಡ ಉಪಾಯ ಇದು. ಅದೇ ಎನ್‌ಫೀಲ್ಡ್ ಮಾದರಿಯನ್ನು ತೆಗೆದುಕೊಂಡು ನಳಿಗೆಯೊಳಗಿನ ಗೀರುಗಳನ್ನು ಕೊರೆದು ತೆಗೆದುಬಿಟ್ಟರು. ರಂಧ್ರವು 0.577 ಅಂಗುಲದಿಂದ ಸುಮಾರು 0.656 ಅಂಗುಲಕ್ಕೆ ಅಗಲವಾಗಿ ನುಣುಪಾಯಿತು. ದೂರಕ್ಕೆ ಗುರಿಯಿಡಲು ಇದ್ದ ಏರಿಳಿಯುವ ಹಿಂಗುರಿಯ ಬದಲು ಅಲುಗದ ಒಂದು ತುಂಡನ್ನು ಕೂರಿಸಿದರು. ಹೊರಗಿನ ರೂಪ ಅದೇ, ಮರ ಅದೇ, ಮೂರು ಪಟ್ಟಿ ಅವೇ. ಯೂರೋಪಿಯನ್ ಸೈನಿಕನ ಪಕ್ಕದಲ್ಲಿ ಭಾರತೀಯ ಸಿಪಾಯಿ ನಿಂತರೆ ಇಬ್ಬರ ಕೋವಿಯೂ ದೂರದಿಂದ ಒಂದೇ ಸಮನಾಗಿ ಕಾಣುತ್ತಿತ್ತು. ಒಂದು ನೂರಾರು ಗಜ ದೂರಕ್ಕೆ ಗುರಿಯಿಟ್ಟು ಹೊಡೆಯಬಲ್ಲುದು, ಇನ್ನೊಂದು ಹೊಡೆಯಲಾರದು. ಕೊರೆದು ತೆಳುವಾದ ನಳಿಗೆಗಳು ಬೇಗ ಉಬ್ಬಿ ಕೆಡುತ್ತಿದ್ದುದರಿಂದ 1859ರ ಮಾದರಿಯಲ್ಲಿ ನಳಿಗೆಯ ಗೋಡೆಯನ್ನೇ ದಪ್ಪ ಮಾಡಿದರು. ಗೀರುಗಳನ್ನು ಮಾತ್ರ ಕೊಡಲಿಲ್ಲ. ಒಂದು ಸಾಮ್ರಾಜ್ಯವು ತನ್ನ ಸೈನಿಕರಲ್ಲಿ ಇಟ್ಟ ಅವಿಶ್ವಾಸವು ಕಾಗದಪತ್ರಗಳಲ್ಲಿ ಅಲ್ಲ, ಕಬ್ಬಿಣದ ಒಳಮೈಯಲ್ಲಿ ಹೀಗೆ ಬರೆಯಲ್ಪಟ್ಟಿತು.

ಇದನ್ನು ಓದಿ ತಿಳಿದ ದಿನ ನನಗೆ ನಮ್ಮ ಮನೆಯ ಕೋವಿಯ ನೆನಪಾಯಿತು. ಅದರ ನಳಿಗೆಯೊಳಗೆ ಗೀರುಗಳಿರಲಿಲ್ಲ. ಉಪಯೋಗಿಸಿ ಉಪಯೋಗಿಸಿ ಸವೆದುಹೋಗಿವೆಯೆಂದು ನಾನು ತಿಳಿದಿದ್ದೆ. ಸವೆತದಿಂದ ರಂಧ್ರವು ಹಾಗೆ ಒಂದೇ ಸಮನಾಗಿ ಅಗಲವಾಗುವುದಿಲ್ಲ. ಯಾರೋ ಬೇಕೆಂದೇ ಕೊರೆದಿದ್ದರು. ಕೊರೆದವರು ಸೈನ್ಯದವರಾದರೆ ಅದು ಸಿಪಾಯಿಯ ಕೋವಿ. ಹಿರಿಯರ ಕಥೆ ನಿಜವಿರಬಹುದು. ಚಿಲ್ಲುಗುಂಡು ತುಂಬಲು ಅನುಕೂಲವಾಗಲೆಂದು ವ್ಯಾಪಾರಿಯೊಬ್ಬನು ಕೊರೆದಿದ್ದರೆ ಹರಾಜಿನ ಕಥೆ ನಿಜ. ಇದನ್ನು ತೀರ್ಮಾನಿಸಬಲ್ಲ ಗುರುತುಗಳು ಮೂರು: ಲಾಕಿನ ಮೇಲಿನ ವರ್ಷ, ಹಿತ್ತಾಳೆಯ ಮೇಲಿನ ಪಲ್ಟನ್ನಿನ ಅಕ್ಷರ, ಕಿತ್ತುಹೋಗಿದ್ದ ಹಿಂಗುರಿಯ ಬೆಸುಗೆಯ ಕಲೆ. ಮೂರನ್ನೂ ನಾನು ನನ್ನ ಕೈಯಿಂದಲೇ ತಿಕ್ಕಿ ತೆಗೆದಿದ್ದೆ. ಕಿರೀಟದ ಮೇಲರ್ಧ ಮಾತ್ರ ಉಳಿದಿದೆ. ಮನೆಯ ಆ ವಿವಾದ ಇನ್ನು ಎಂದಿಗೂ ತೀರುವಂತಿಲ್ಲ.

ಹಾಗಾದರೆ ಹಳೆಯ ಕೋವಿಯನ್ನು ಏನೂ ಮಾಡದೆ ಬಿಟ್ಟುಬಿಡಬೇಕೇ ಎಂದು ತಾವು ಕೇಳಬಹುದು. ಹಾಗಲ್ಲ. ಬಿಟ್ಟರೆ ತುಕ್ಕು ತಿನ್ನುತ್ತದೆ, ಗೆದ್ದಲು ತಿನ್ನುತ್ತದೆ. ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವುಂಟು.

ಮೊದಲನೆಯದಾಗಿ, ಕೋವಿಯೊಳಗೆ ಮದ್ದಿದೆಯೇ ಎಂದು ನೋಡತಕ್ಕದ್ದು. ತಲೆಮಾರುಗಳ ಹಿಂದೆ ತುಂಬಿದ ಈಡು ಹಾಗೆಯೇ ಉಳಿದಿರುವುದುಂಟು. ಕರಿಮದ್ದು ಒಣಗಿದ್ದರೆ ಎಷ್ಟು ಕಾಲವಾದರೂ ಅದರ ಶಕ್ತಿ ಹೋಗುವುದಿಲ್ಲ. ಗಜದ ಕಡ್ಡಿಯನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತುಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದು ನೋಡಬೇಕು. ಕಡ್ಡಿಯು ಕೇಪು ಕೂರುವ ಸ್ಥಳದ ಮಟ್ಟವನ್ನು ಮುಟ್ಟದೆ ಒಂದೆರಡು ಅಂಗುಲ ಮುಂದೆಯೇ ನಿಂತರೆ ಒಳಗೆ ಏನೋ ಇದೆಯೆಂದು ಅರ್ಥ. ಆಗ ಕೋವಿಯನ್ನು ಬಲ್ಲವರ ಕೈಗೆ ಒಪ್ಪಿಸಬೇಕೇ ಹೊರತು ತಾವು ಕೆದಕಬಾರದು.

ಎರಡನೆಯದು ಬಿಚ್ಚುವ ಕೆಲಸ. ತಿರುಪಿನ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನು ಅರೆದು ಹದಮಾಡಿಕೊಳ್ಳದೆ ಒಂದು ತಿರುಪನ್ನೂ ಮುಟ್ಟಬಾರದು. ಮೊದಲು ಗಜ, ಅನಂತರ ಲಾಕು, ಪಟ್ಟಿಗಳು, ನಳಿಗೆಯ ಬಾಲದ ತಿರುಪು. ಕೊನೆಗೆ ನಳಿಗೆಯನ್ನು ಬಾಯಿಯ ಕಡೆಯಿಂದ ಮೆಲ್ಲನೆ ಎತ್ತಬೇಕು. ಒಂದೊಂದು ತಿರುಪಿಗೂ ಅದರ ಸ್ಥಳವನ್ನು ಬರೆದ ಚೀಟಿ ಕಟ್ಟಬೇಕು. ಕೈಯಿಂದ ಮಾಡಿದ ಕೋವಿಯಲ್ಲಿ ಪ್ರತಿಯೊಂದು ತಿರುಪಿಗೂ ಒಂದೇ ಮನೆ.

ಮೂರನೆಯದು ಮರ. ಉಪ್ಪುಕಾಗದವನ್ನು ಹತ್ತಿರ ತರಬಾರದು. ಮರವೂ ಲೋಹವೂ ಕೂಡುವಲ್ಲಿ ಮರವು ಲೋಹದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರುವುದು ವಾಡಿಕೆ. ಒಮ್ಮೆ ಉಜ್ಜಿದರೆ ಅದು ಲೋಹಕ್ಕಿಂತ ಕೆಳಗೆ ಇಳಿಯುತ್ತದೆ, ತಯಾರಕನು ಒತ್ತಿದ ದುಂಡು ಮುದ್ರೆಯೂ ಅಳಿಯುತ್ತದೆ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಟರ್ಪೆಂಟೈನ್ ತೊಟ್ಟಿಕ್ಕಿಸಿ ಒರೆಸಿದರೆ ಕೊಳೆ ಬರುತ್ತದೆ, ಬಣ್ಣ ಉಳಿಯುತ್ತದೆ. ಜಜ್ಜಿದ ಗುಳಿಯ ಮೇಲೆ ಒದ್ದೆ ಬಟ್ಟೆಯಿಟ್ಟು ಬಿಸಿಯಾದ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಕಾಲ ಆನಿಸಿದರೆ ಹಬೆಗೆ ಮರದ ನಾರು ಉಬ್ಬಿ ಗುಳಿ ತುಂಬಿಕೊಳ್ಳುತ್ತದೆ. ಆದರೆ ಎಲ್ಲ ಗುಳಿಯನ್ನೂ ತುಂಬಬೇಕೆಂಬ ಹಟ ಬೇಡ. ಸಿಪಾಯಿಯೊಬ್ಬನು ಚಾಕುವಿನಿಂದ ಕೆತ್ತಿದ ಗೀರೂ ಮೇಲುನೋಟಕ್ಕೆ ಗಾಯವೇ. ಆದರೆ ಅದು ಅವನ ಸಹಿ. ಮರವು ತೀರ ಒಣಗಿದ್ದರೆ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕುವುದು ಹಳೆಯ ಕ್ರಮ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಈಚಿನ ವಸ್ತುಸಂಗ್ರಹಾಲಯಗಳವರು ಎಣ್ಣೆಗಿಂತ ಮೇಣವನ್ನು ಮೆಚ್ಚುತ್ತಾರೆ. ಎಣ್ಣೆಯನ್ನು ಹಚ್ಚಿದಮೇಲೆ ತೆಗೆಯಲಾಗದು, ಮೇಣವನ್ನು ತೆಗೆಯಬಹುದು ಎಂಬುದೇ ಅದಕ್ಕೆ ಕಾರಣ.

ನಾಲ್ಕನೆಯದು ಲೋಹ. ಇಲ್ಲಿ ತುಕ್ಕಿನಲ್ಲಿ ಎರಡು ಜಾತಿಯೆಂಬುದನ್ನು ತಿಳಿಯಬೇಕು. ಬೆರಳಿಗೆ ಕೆಂಪಾಗಿ ಅಂಟುವುದು ಜೀವಂತವಾದ ತುಕ್ಕು. ಅದು ಇನ್ನೂ ತಿನ್ನುತ್ತಿದೆ, ಅದನ್ನು ತೆಗೆಯಬೇಕು. ನುಣುಪಾಗಿ ಗಟ್ಟಿಯಾಗಿ ಕಂದಿರುವುದು ತಯಾರಕನು ಕೊಟ್ಟ ಬಣ್ಣ, ಇಲ್ಲವೆ ಕಾಲವು ಕೊಟ್ಟ ಬಣ್ಣ, ಅದನ್ನು ಉಳಿಸಬೇಕು. ತೆಳುವಾದ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಹಚ್ಚಿ ದಿನಗಟ್ಟಲೆ ನೆನೆಯಲು ಬಿಟ್ಟು, ಕಬ್ಬಿಣಕ್ಕಿಂತ ಮೆತ್ತಗಿರುವ ತಾಮ್ರದ ಅಂಚಿನಿಂದ ಮೆಲ್ಲಮೆಲ್ಲನೆ ಕೆರೆದರೆ ಕೆಂಪು ಬಿಡುತ್ತದೆ, ಕಂದು ನಿಲ್ಲುತ್ತದೆ. ಈ ಕೆಲಸಕ್ಕೆ ತಾಳ್ಮೆಯ ಹೊರತು ಬೇರೆ ಉಪಕರಣ ಬೇಡ. ನಳಿಗೆಯ ಒಳಗನ್ನು ಬಿಸಿನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಿ ಎಣ್ಣೆ ಸವರಬೇಕು. ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೂ ಮಡ್ಡಿಯೂ ಆಗಿ ಉಳಿಯುತ್ತದೆ. ಆ ಮಡ್ಡಿಯ ಲವಣಗಳು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ನೂರು ವರ್ಷದ ಹಿಂದಿನ ಒಂದು ಈಡು ಇಂದಿಗೂ ನಳಿಗೆಯನ್ನು ಕೆಡಿಸುತ್ತಿರಬಹುದು.

ಮತ್ತೊಂದು ಎಚ್ಚರಿಕೆಯ ಮಾತು. ಹಳೆಯ ಕೋವಿಯನ್ನು ಮತ್ತೆ ಸುಡುವಂತೆ ಮಾಡುವುದು ಜೀರ್ಣೋದ್ಧಾರವಲ್ಲ. ಮೈಯೊಳಗೆ ಎಲ್ಲಿ ಟೊಳ್ಳಾಗಿದೆಯೋ ಹೊರಗಿನಿಂದ ಕಾಣದು. ಕಾನೂನಿನ ಮಾತೂ ಉಂಟು. 1959ರ ಆಯುಧ ಕಾಯಿದೆಯು, ದುರಸ್ತಿ ಮಾಡಿದರೂ ಸುಡಲು ಬಾರದಂತಿರುವ ಹಳೆಯ ಮಾದರಿಯ ಆಯುಧಗಳಿಗೆ ಮಾತ್ರ ವಿನಾಯಿತಿಯನ್ನು ಕೊಡುತ್ತದೆ. ಅನುಮಾನವಿದ್ದಲ್ಲಿ ಅಧಿಕಾರಿಗಳನ್ನು ಕೇಳಿಯೇ ಮುಂದುವರಿಯತಕ್ಕದ್ದು.

ತಿಕ್ಕಿ ಕೆಡಿಸಿದವನು ನಾನೊಬ್ಬನೇ ಅಲ್ಲವೆಂಬುದು ನನಗೆ ಸ್ವಲ್ಪ ಸಮಾಧಾನ. ಲಂಡನ್ನಿನ ಟವರ್ ಕೋಟೆಯಲ್ಲಿದ್ದ ರಾಜರ ಉಕ್ಕಿನ ಕವಚಗಳಲ್ಲಿ ಹಲವು ಮೊದಲು ನೀಲಿಯ ಮೇಲೆ ಚಿನ್ನದ ಲೇಪವಿದ್ದಂಥವು. ಕಾವಲಿನವರು ತಲೆಮಾರುಗಟ್ಟಲೆ ನಿಷ್ಠೆಯಿಂದ ತಿಕ್ಕಿ ತಿಕ್ಕಿ ಅವನ್ನು ಬರಿಯ ಬಿಳಿಯ ಉಕ್ಕಾಗಿ ಮಾಡಿಬಿಟ್ಟರು. ಹಳೆಯ ಇಗರ್ಜಿಗಳ ಗೋಡೆಯನ್ನು ಕೆರೆದು ಹೊಸದು ಮಾಡುವ ಚಟ ಇಂಗ್ಲೆಂಡಿನಲ್ಲಿ ಹೆಚ್ಚಿದಾಗ, ವಿಲಿಯಂ ಮಾರಿಸ್ ಎಂಬ ಕವಿಯೂ ಕುಶಲಿಯೂ ಆದ ಮಹನೀಯನು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಕೆರೆಯುವುದನ್ನು ವಿರೋಧಿಸುವ ಸಂಘವೆಂದೇ ಅದಕ್ಕೆ ಅಡ್ಡಹೆಸರಾಯಿತು. ಕಟ್ಟಡಕ್ಕೆ ಅವನು ಹೇಳಿದ ನೀತಿ ಕೋವಿಗೂ ಸಲ್ಲುತ್ತದೆ.

ನಮ್ಮ ನಾಡಿನ ಆಯುಧಗಳಿಗಂತೂ ಈ ಎಚ್ಚರ ಇಮ್ಮಡಿಯಾಗಿ ಬೇಕು. ಟೀಪೂ ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಉತ್ತಮ ಕೋವಿಗಳ ನಳಿಗೆಯ ಮೇಲೆ ಹುಲಿಯ ಪಟ್ಟೆಗಳೂ, ಹೈದರನ ಹೆಸರಿನ ಮುದ್ರೆಯೂ, ಟೀಪೂ ತಾನೇ ಜಾರಿಗೆ ತಂದ ಮೌಲೂದಿ ಶಕದ ವರ್ಷವೂ, ಪಟ್ಟಣವೆಂಬ ಊರ ಹೆಸರೂ ಇರುತ್ತವೆ. 1799ರಲ್ಲಿ ಕೋಟೆ ಬಿದ್ದಮೇಲೆ ಅವು ಲೂಟಿಯಾಗಿ ದೇಶಾಂತರಕ್ಕೆ ಹೋದುವು. ಅವು ನಮ್ಮ ನಾಡಿನವೆಂದು ಇಂದು ನಾವು ಹೇಳಬಲ್ಲೆವಾದರೆ ಅದು ಆ ಗುರುತುಗಳ ಬಲದಿಂದ. ಸಾಮಾನ್ಯರ ಮನೆಯ ಆಯುಧಗಳಾದರೋ ಇನ್ನೂ ವಿರಳ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಶಾಸನ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ತಿರುಗಿ ಬಿದ್ದು ಪ್ರಾಣ ತೆತ್ತ ವಿಷಯವನ್ನು ಕನ್ನಡಿಗರೆಲ್ಲರೂ ಬಲ್ಲರು. ಉಳಿದ ಊರುಗಳಲ್ಲಿ ಒಪ್ಪಿಸಿದ ಆಯುಧಗಳಲ್ಲಿ ಮರಳಿ ಬಂದುವು ಎಷ್ಟು? ಇತ್ತ ಸೈನ್ಯದಲ್ಲಿದ್ದ ಎನ್‌ಫೀಲ್ಡುಗಳಲ್ಲಿಯೂ ಬಹುಪಾಲನ್ನು 1866ರಿಂದ ಹಿಂದಿನಿಂದ ತೋಟೆ ತುಂಬುವ ಸ್ನೈಡರ್ ಮಾದರಿಗೆ ಮಾರ್ಪಡಿಸಿಬಿಟ್ಟರು. ಹೀಗಾಗಿ ಮೂಲರೂಪದಲ್ಲಿ ಉಳಿದು ಬಂದ ಒಂದೊಂದು ಕೋವಿಯೂ ಅನೇಕ ಕಂಟಕಗಳನ್ನು ದಾಟಿ ಬಂದದ್ದು.

ಕೊಡಗಿನ ಮಾತು ಮಾತ್ರ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರಿಗೆ ಆಯುಧ ಶಾಸನದಿಂದ ವಿನಾಯಿತಿ ಕೊಟ್ಟರು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಮರಣವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಂಟು. ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ ಶುದ್ಧಿಮಾಡಿ, ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಹೂವಿಗೇ ಕೋವಿಯ ಹೆಸರು. ಬಯಲುಸೀಮೆಯ ನಾವು ಆಯುಧಪೂಜೆಯಲ್ಲಿ ಮಾಡುವುದೂ ಅದನ್ನೇ. ಈ ಆಚಾರದಲ್ಲಿ ಅಡಗಿರುವ ವಿವೇಕ ನನಗೆ ತಡವಾಗಿ ಹೊಳೆಯಿತು. ವರ್ಷಕ್ಕೊಮ್ಮೆ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಹೂವಿಟ್ಟು, ಮತ್ತೆ ಅದರ ಸ್ಥಳದಲ್ಲಿಯೇ ಇಡುವವನಿಗೆ ಜೀರ್ಣೋದ್ಧಾರದ ಅಗತ್ಯವೇ ಬೀಳುವುದಿಲ್ಲ. ಐವತ್ತು ವರ್ಷ ಮರೆತು ಮೂರು ದಿನ ತಿಕ್ಕುವವನಿಂದಲೇ ಕೇಡು.

ಕಳೆದ ವರ್ಷ ಬಂಧುಗಳೊಬ್ಬರು ತಮ್ಮ ಮನೆಯ ಅಟ್ಟದಿಂದ ಇಳಿಸಿದ ಕೋವಿಯೊಂದನ್ನು ನನಗೆ ತೋರಿಸಿದರು. ಅದೇ ಮೂರು ಪಟ್ಟಿ, ಅದೇ ಕಂದಿದ ನಳಿಗೆ. ಅವರ ಮಗನು ಎಮರಿ ಕಾಗದದ ಕಟ್ಟನ್ನು ಆಗಲೇ ತಂದಿಟ್ಟಿದ್ದನು. ಅದನ್ನು ನಾನು ಕೇ­ಳಿ ಇಸಿದುಕೊಂಡೆ. ಇಬ್ಬರೂ ಕುಳಿತು ಎಂಟು ಭಾನುವಾರ ಎಣ್ಣೆ ಮತ್ತು ತಾಮ್ರದ ತುಂಡಿನಿಂದ ಕೆಲಸಮಾಡಿದೆವು. ಕೋವಿ ಹೊಳೆಯಲಿಲ್ಲ. ಏಳನೆಯ ಭಾನುವಾರ ಹಿತ್ತಾಳೆಯ ಮಸಿಯ ಅಡಿಯಿಂದ ಒಂದು ಸಂಖ್ಯೆಯೂ ಎರಡು ಅಕ್ಷರವೂ ಮೇಲೆದ್ದು ಬಂದುವು. ಹುಡುಗನು ಅದನ್ನು ಓದಿ, ಚೀಟಿಯಲ್ಲಿ ಬರೆದುಕೊಂಡು, ತಾತನನ್ನು ಕೂಗುತ್ತ ಒಳಕ್ಕೆ ಓಡಿದನು.

ತಮ್ಮ ಮನೆಯ ಅಟ್ಟದಲ್ಲಿಯೂ ಇಂಥ ವಸ್ತುವೊಂದು ಇದ್ದರೆ, ಕೋವಿಯೇ ಆಗಬೇಕಾದ್ದಿಲ್ಲ, ಅದನ್ನು ತಿಕ್ಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ಓದಿರೆಂದು ಬೇಡಿ ನನ್ನ ಮಾತನ್ನು ಮುಗಿಸುತ್ತೇನೆ.